ಕಡಲಾಚೆಯಿಂದ ಬರುವ ತಿನಿಸಿನ ಬೇಡಿಕೆ: ಸಣ್ಣ ಉತ್ಪಾದಕರಿಗೊಂದು ಅಧ್ಯಯನ

ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೊರಡುವ ಕುಟುಂಬಗಳು ದಾರಿಗೆಂದು ಬುತ್ತಿ ಕಟ್ಟಿಕೊಳ್ಳುವುದು ಹಿಂದಿನಿಂದ ಬಂದ ರೂಢಿ. ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ನಿಪ್ಪಟ್ಟು, ಚಕ್ಕುಲಿ ಮೊದಲಾದ ಕೆಡದ ಪದಾರ್ಥಗಳಿಗೇ ಬುತ್ತಿಯಲ್ಲಿ ಮೊದಲ ಸ್ಥಾನ. ಇಂದು ಅದೇ ಬುತ್ತಿಯನ್ನು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಿಂದ ಹೋಗಿ ನೆಲೆಸಿದ ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಕೊಲ್ಲಿ ರಾಷ್ಟ್ರಗಳಿಂದ ಕೇಳುತ್ತಿದ್ದಾರೆ. ಕೇಳುವವರು ಮನೆಮಂದಿಯಾದುದರಿಂದ ಇದನ್ನು ವ್ಯಾಪಾರವೆಂದು ನಮ್ಮಲ್ಲಿ ಬಹುಮಂದಿ ಇನ್ನೂ ಪರಿಗಣಿಸಿಲ್ಲ. ವ್ಯಾಪಾರವೆಂದು ಕೈಹಾಕಿದ ಕೆಲವರು ಅದರ ನಿಯಮಗಳನ್ನು ತಿಳಿಯದೆ ಕೈಸುಟ್ಟುಕೊಂಡಿದ್ದಾರೆ. ಅಂಥವರಲ್ಲಿ ಈ ಲೇಖಕನೂ ಒಬ್ಬನಾಗಿರುವುದರಿಂದ, ತಿಳಿದಷ್ಟನ್ನು ಸದಸ್ಯ ಬಾಂಧವರ ಮುಂದಿಡುವುದು ಉಚಿತವೆಂದು ತೋರಿತು.

ಮೂರು ಬಾಗಿಲುಗಳು

ಪರದೇಶದಲ್ಲಿರುವ ಕನ್ನಡಿಗನೊಬ್ಬನಿಗೆ ಊರಿನ ತಿನಿಸು ದೊರೆಯುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ತಂದೆತಾಯಿಗಳು ಕೊರಿಯರ್ ಅಥವಾ ಅಂಚೆಯ ಮೂಲಕ ಕಳುಹಿಸುವ ಪೆಟ್ಟಿಗೆ. ಎರಡನೆಯದು, ಅಲ್ಲಿನ ಭಾರತೀಯ ದಿನಸಿ ಅಂಗಡಿ. ಷಿಕಾಗೋ ನಗರದ ಡೆವನ್ ಅವೆನ್ಯೂದಲ್ಲಿ 1974ರಲ್ಲಿ ಆರಂಭವಾದ ಪಟೇಲ್ ಬ್ರದರ್ಸ್ ಅಂಗಡಿಯು ಇಂದು ಅಮೆರಿಕದ ಹಲವು ರಾಜ್ಯಗಳಲ್ಲಿ ಮಳಿಗೆಗಳನ್ನು ಹೊಂದಿರುವುದು ಈ ದಾರಿಯ ವಿಸ್ತಾರಕ್ಕೆ ಸಾಕ್ಷಿ. ಈಗ ಇಂಥ ಅಂಗಡಿಗಳ ಸರಕನ್ನು ಮೊಬೈಲಿನಲ್ಲೇ ಆರಿಸಿ ಮನೆಬಾಗಿಲಿಗೆ ತರಿಸಿಕೊಳ್ಳಲು ಸಾಧ್ಯ. ಮೂರನೆಯದು, ಭಾರತದಲ್ಲಿರುವ ಮಾರಾಟಗಾರನೇ ಬಿಡಿ ಬಿಡಿ ಗ್ರಾಹಕರಿಂದ ಆರ್ಡರ್ ಪಡೆದು ನೇರವಾಗಿ ರವಾನಿಸುವುದು.

ಈ ಮೂರರಲ್ಲಿ ಮೂರನೆಯದು ನಮ್ಮ ಉತ್ಸಾಹಿ ತರುಣರಿಗೆ ಹೆಚ್ಚು ಆಕರ್ಷಕವಾಗಿ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಉತ್ಪಾದಕನಿಗೆ ಎರಡನೆಯದೇ ಮೇಲು. ಅಂಗಡಿಗೆ ಸರಕು ಒದಗಿಸುವ ಆಮದುದಾರನು ಒಬ್ಬನೇ ಗ್ರಾಹಕ, ಒಂದೇ ದಾಖಲೆ, ಒಂದೇ ಸಲದ ಶುಲ್ಕ. ಬಿಡಿ ಆರ್ಡರಿನಲ್ಲಿ ಪ್ರತಿಯೊಂದು ಪೆಟ್ಟಿಗೆಯೂ ಒಂದೊಂದು ರಫ್ತು. ಲಾಭಾಂಶ ಕಡಿಮೆಯೆನಿಸಿದರೂ ರಾತ್ರಿ ನಿದ್ರೆ ಬರುವ ದಾರಿ ಅದು.

ದೂರಕ್ಕೆ ತಕ್ಕ ರೂಪ

ತಿನಿಸು ದೂರ ಹೋಗಬೇಕಾದರೆ ರೂಪ ಬದಲಿಸಬೇಕೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉತ್ತಮ ನಿದರ್ಶನವಿದೆ. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಬ್ರಾಹ್ಮಣರ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿ ಅಲ್ಲಿ ರೂಪುಗೊಂಡಿತೆಂದು ಪ್ರತೀತಿ. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಗೆ ಕಡಿವಾಣ ಬಿದ್ದಾಗ ಸಂಸ್ಥೆಯು ಸಿದ್ಧ ಮಿಶ್ರಣಗಳತ್ತ ತಿರುಗಿತು. ಅನಂತರ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನದಿಂದ, ಸೈನಿಕರಿಗಾಗಿ ಅಭಿವೃದ್ಧಿಪಡಿಸಿದ್ದ ರಿಟಾರ್ಟ್ ಚೀಲದ ವಿಧಾನದಲ್ಲಿ, ಬಿಸಿಮಾಡಿ ಉಣ್ಣಬಹುದಾದ ಅಡುಗೆಯನ್ನು ಮಾರುಕಟ್ಟೆಗೆ ತಂದಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಆ ಪ್ಯಾಕೆಟ್ ಉದ್ಯಮವನ್ನು ಕೊಂಡಿತು. ಹೋಟೆಲುಗಳು ಕುಟುಂಬದ ಕೈಯಲ್ಲೇ ಉಳಿದವು, 2013ರಲ್ಲಿ ಸಿಂಗಪುರದಲ್ಲೂ ಒಂದು ತೆರೆಯಿತು.

ಇದರಿಂದ ನಾವು ರಿಟಾರ್ಟ್ ಯಂತ್ರ ಕೊಳ್ಳಬೇಕೆಂಬ ಅರ್ಥ ಮಾಡಬೇಕಾಗಿಲ್ಲ. ತೇವವುಳ್ಳ, ಹುಳಿ ಕಡಿಮೆಯಿರುವ ಅಡುಗೆಯನ್ನು ಮುಚ್ಚಿದ ಚೀಲದಲ್ಲಿ ಕೊಠಡಿಯ ತಾಪದಲ್ಲಿ ಇಟ್ಟರೆ ಬೊಟುಲಿಸಂ ವಿಷವನ್ನುಂಟುಮಾಡುವ ಸೂಕ್ಷ್ಮಾಣು ಬೆಳೆಯುವ ಅಪಾಯವಿದೆ. ಆದ್ದರಿಂದ ಅಂಥ ಚೀಲವನ್ನು ಸುಮಾರು 121 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಒತ್ತಡದೊಡನೆ ಸಂಸ್ಕರಿಸುತ್ತಾರೆ. ಅಮೆರಿಕದಲ್ಲಿ ಪಿಎಚ್ 4.6ಕ್ಕಿಂತ ಹೆಚ್ಚಾಗಿ, ನೀರಿನ ಸಕ್ರಿಯತೆ 0.85ಕ್ಕಿಂತ ಮೇಲಿರುವ ಇಂಥ ಪದಾರ್ಥಕ್ಕೆ ಪ್ರತ್ಯೇಕ ನೋಂದಣಿಯೂ, ಸಂಸ್ಕರಣಾ ವಿಧಾನದ ದಾಖಲೆಯೂ ಬೇಕು. ಹುಳಿ ಸೇರಿಸಿ ಕೆಡದಂತೆ ಮಾಡಿದ ಹಲವು ಬಗೆಯ ಉಪ್ಪಿನಕಾಯಿಗಳೂ ಇಂಥದ್ದೇ ನಿಬಂಧನೆಗೆ ಒಳಪಡುತ್ತವೆ. ಹೊಸಬರು ಒಣ ಪದಾರ್ಥದಿಂದಲೇ ಆರಂಭಿಸತಕ್ಕದ್ದು: ಚಟ್ನಿಪುಡಿ, ಸಾರಿನಪುಡಿ, ರಾಗಿ ಹುರಿಹಿಟ್ಟು. ನಮ್ಮ ಭಾಗದಲ್ಲಿ ಹೇರಳವಾಗಿರುವ ಕೊಬ್ಬರಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಕೊಬ್ಬರಿ, ಕಡಲೆಕಾಯಿಗಳ ಎಣ್ಣೆಯಂಶವು ಗಾಳಿ, ಬೆಳಕು, ಶಾಖಗಳಿಂದ ಕಮಟಾಗುತ್ತದೆ. ಮನೆಯ ಡಬ್ಬಿಯಲ್ಲಿ ತಿಂಗಳು ನಿಂತ ಪುಡಿ ಹಡಗಿನ ಕಂಟೈನರಿನ ಬಿಸಿಯಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ. ತೇವ ಹಾಗೂ ಗಾಳಿಯನ್ನು ತಡೆಯುವ ಬಹುಪದರದ ಚೀಲಕ್ಕೆ ಖರ್ಚು ಮಾಡಲು ಹಿಂಜರಿಯಬಾರದು. ಬಾಳಿಕೆಯ ಅವಧಿಯನ್ನು ಊಹೆಯಿಂದ ಮುದ್ರಿಸದೆ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಂಥ ಸಂಸ್ಥೆಯಲ್ಲಿ ಅಥವಾ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ನಿಗದಿಪಡಿಸಬೇಕು.

ಇಂಗಿನೊಳಗಿನ ಗೋಧಿ

ಈಗ ನನ್ನದೇ ಅನುಭವ. ಕೆಲವು ವರ್ಷಗಳ ಹಿಂದೆ ಕೆನಡಾದಲ್ಲಿ ಅಂಗಡಿ ನಡೆಸುವ ನಮ್ಮ ಕಡೆಯ ಒಬ್ಬರು ಅರವತ್ತು ಪೊಟ್ಟಣ ಚಟ್ನಿಪುಡಿ ಕೇಳಿದರು. ಊರಿನ ಹೆಣ್ಣುಮಕ್ಕಳ ಗುಂಪೊಂದರಿಂದ ಮಾಡಿಸಿ, ಅಂದವಾದ ಲೇಬಲ್ ಹಚ್ಚಿ ಕಳುಹಿಸಿದೆ. ಸರಕು ತಲಪಿದ ಎರಡನೆಯ ವಾರ ಅವರಿಂದ ಫೋನ್ ಬಂತು. ಒಬ್ಬ ತಾಯಿ ಪೊಟ್ಟಣ ಹಿಡಿದು, "ಇದರಲ್ಲಿ ಇಂಗು ಇದೆ ಎಂದು ಬರೆದಿದ್ದೀರಿ, ಇಂಗಿನಲ್ಲಿ ಏನಿದೆ?" ಎಂದು ಕೇಳಿದರಂತೆ. ಆಕೆಯ ಮಗುವಿಗೆ ಗೋಧಿ ಆಗದು. ಅಂಗಡಿಯವರಿಗೆ ಉತ್ತರ ತಿಳಿಯದು, ನನಗೂ ತಿಳಿಯದು. ಮನೆಯ ಇಂಗಿನ ಡಬ್ಬಿಯನ್ನು ತಿರುಗಿಸಿ ಓದಿದಾಗಲೇ ನನಗೆ ಗೊತ್ತಾದದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗೋಧಿಹಿಟ್ಟು. ಅಂಗಡಿಯವರು ಅಂದೇ ಎಲ್ಲ ಪೊಟ್ಟಣಗಳನ್ನೂ ಕಪಾಟಿನಿಂದ ಇಳಿಸಿದರು. ಸರಕಿನ ಬೆಲೆಗಿಂತ ಸಾಗಣೆಯ ವೆಚ್ಚ ಹೆಚ್ಚಾಗಿದ್ದುದರಿಂದ ಹಿಂದಕ್ಕೆ ತರಿಸುವ ಪ್ರಶ್ನೆಯೇ ಇರಲಿಲ್ಲ. ಗುಂಪಿನ ಹೆಣ್ಣುಮಕ್ಕಳಿಗೆ ಕೊಡಬೇಕಾದುದನ್ನು ಕೊಟ್ಟೆನಾದರೂ, ಅವರು "ನಮ್ಮ ಪುಡಿಯಲ್ಲಿ ಏನು ದೋಷವಿತ್ತು ಅಣ್ಣಾ?" ಎಂದು ಕೇಳಿದಾಗ ಹೇಳಲು ನಾಚಿಕೆಯಾಯಿತು. ಪುಡಿಯಲ್ಲಿ ದೋಷವಿರಲಿಲ್ಲ, ನಾನು ಬರೆಸಿದ ಲೇಬಲಿನಲ್ಲಿತ್ತು. ಆ ತಾಯಿ ಕೇಳದೆ ಕೊಂಡೊಯ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸಲು ಇಂದಿಗೂ ಮನಸ್ಸಾಗುವುದಿಲ್ಲ.

ಅಲರ್ಜಿಯೆಂಬುದನ್ನು ನಮ್ಮಲ್ಲಿ ನಾಜೂಕಿನವರ ತಕರಾರೆಂದು ಬಗೆಯುವ ವಾಡಿಕೆಯಿದೆ. ಪಶ್ಚಿಮ ದೇಶಗಳಲ್ಲಿ ಅದು ಕಾನೂನಿನ ವಿಷಯ. ಅಮೆರಿಕದ 2004ರ ಕಾನೂನು ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿಯವು, ಬಾದಾಮಿ-ಗೋಡಂಬಿ ಮೊದಲಾದ ಮರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಎಂಬ ಎಂಟನ್ನು ಲೇಬಲಿನಲ್ಲಿ ಸ್ಪಷ್ಟವಾಗಿ ಹೆಸರಿಸಬೇಕೆಂದು ವಿಧಿಸಿತು. 2021ರ ತಿದ್ದುಪಡಿಯ ಪ್ರಕಾರ 2023ರ ಜನವರಿ 1ರಿಂದ ಎಳ್ಳು ಒಂಬತ್ತನೆಯದಾಗಿ ಸೇರಿತು. ತೆಂಗನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಬಹುಕಾಲ ಮರದ ಬೀಜಗಳ ಪಟ್ಟಿಯಲ್ಲಿ ಇರಿಸಿತ್ತು. 2025ರ ಜನವರಿಯ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಕಡೂರು ಸೀಮೆಯ ತೆಂಗಿನ ವರ್ತಕರಿಗೆ ಇದು ನೆಮ್ಮದಿಯ ಸುದ್ದಿ, ಆದರೂ ಘಟಕಾಂಶಗಳ ಪಟ್ಟಿಯಲ್ಲಿ ತೆಂಗನ್ನು ಬರೆಯಲೇಬೇಕು. ಯೂರೋಪಿಯನ್ ಒಕ್ಕೂಟ ಮತ್ತು ಬ್ರಿಟನ್ನಿನ ಪಟ್ಟಿಯಲ್ಲಿ ಹದಿನಾಲ್ಕು ಪದಾರ್ಥಗಳಿವೆ, ಅದರಲ್ಲಿ ಸಾಸಿವೆಯೂ ಒಂದು. ಕೆನಡಾ ದೇಶವೂ 2012ರಿಂದ ಸಾಸಿವೆಯನ್ನು ಸೇರಿಸಿದೆ, ಅಮೆರಿಕ ಸೇರಿಸಿಲ್ಲ. ಒಗ್ಗರಣೆಯಿಲ್ಲದ ಅಡುಗೆಯನ್ನೇ ಕಲ್ಪಿಸಿಕೊಳ್ಳದ ನಾವು ಒಂದೇ ಲೇಬಲನ್ನು ಎಲ್ಲ ದೇಶಗಳಿಗೂ ಹಚ್ಚಿದರೆ ಎಲ್ಲಾದರೂ ಒಂದು ಕಡೆ ತಪ್ಪುತ್ತೇವೆ.

ಹೆಸರಿನ ತೊಡಕೂ ಇದೆ. ಹುಚ್ಚೆಳ್ಳಿನಲ್ಲಿ 'ಎಳ್ಳು' ಎಂಬ ಪದವಿದ್ದರೂ ಅದು ಎಳ್ಳಲ್ಲ, ಬೇರೆ ಕುಲದ ಸಸ್ಯ. ಇಂಗ್ಲಿಷಿನಲ್ಲಿ ಅದಕ್ಕೆ ನೈಜರ್ ಸೀಡ್ ಎಂದು ಹೆಸರು. ಭಾಷಾಂತರಕಾರನು ಅದನ್ನು ಎಳ್ಳೆಂದು ಬರೆದರೆ ಇಲ್ಲದ ಅಲರ್ಜಿಯನ್ನು ಘೋಷಿಸಿ, ಇರುವ ಪದಾರ್ಥವನ್ನು ಮರೆಮಾಚಿದಂತಾಗುತ್ತದೆ. ಹಸಿ ಹುಚ್ಚೆಳ್ಳಿನ ಕಾಳಿನೊಡನೆ ಪರಾವಲಂಬಿ ಕಳೆಯ ಬೀಜ ಬರುವ ಭಯದಿಂದ ಅಮೆರಿಕವು ಅದನ್ನು ಶಾಖೋಪಚಾರವಾದ ಮೇಲಷ್ಟೇ ಒಳಗೆ ಬಿಡುತ್ತದೆ. ಅಲ್ಲಿ ಅದರ ದೊಡ್ಡ ಬಳಕೆ ಹಕ್ಕಿಗಳ ಆಹಾರವಾಗಿ ಎಂಬುದು ನಮ್ಮ ಅಜ್ಜಿಯರಿಗೆ ತಿಳಿದಿದ್ದರೆ ನಗುತ್ತಿದ್ದರು.

ಒಂದೇ ಗಿರಣಿಯಲ್ಲಿ ಕಡಲೆಕಾಯಿ ಬೀಸಿದ ಮೇಲೆ ಬೇರೊಂದು ಪುಡಿ ಬೀಸಿದರೆ ಅಂಶ ಬೆರೆಯುತ್ತದೆ. ಲೇಬಲಿನಲ್ಲಿ ಎಚ್ಚರಿಕೆಯ ಒಂದು ಸಾಲು ಹಾಕಿ ಕೈತೊಳೆದುಕೊಳ್ಳುವುದಕ್ಕಿಂತ, ಕಡಲೆಕಾಯಿಯನ್ನು ದಿನದ ಕೊನೆಯಲ್ಲಿ ಬೀಸಿ, ಗಿರಣಿಯನ್ನು ಪೂರ್ತಿ ಬಿಚ್ಚಿ ಸ್ವಚ್ಛಗೊಳಿಸುವ ಕ್ರಮವನ್ನು ಬರಹದಲ್ಲಿ ಇರಿಸಿಕೊಳ್ಳುವುದು ಮೇಲು.

ಬಾಗಿಲಲ್ಲೇ ನಿಲ್ಲುವ ಪದಾರ್ಥಗಳು

ಕೆಲವು ತಿನಿಸುಗಳು ಎಷ್ಟೇ ಶುದ್ಧವಾಗಿದ್ದರೂ ಗಡಿ ದಾಟವು. ಆಸ್ಟ್ರೇಲಿಯಾವು ಕಾಲುಬಾಯಿ ರೋಗವಿರುವ ದೇಶಗಳಿಂದ ಬರುವ ಹಾಲಿನ ಪದಾರ್ಥಗಳ ಮೇಲೆ ಕಟ್ಟುನಿಟ್ಟಾದ ನಿರ್ಬಂಧ ಹೇರಿದೆ. ಪೇಡೆ, ಬರ್ಫಿ, ರಸಗುಲ್ಲಗಳು ಅಂಚೆಯಲ್ಲಿ ಸಿಕ್ಕಿದರೆ ನಾಶವಾಗುತ್ತವೆ. ಅಮೃತಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದಲ್ಲಿ ಕಾಲುಬಾಯಿ ರೋಗದ ಲಸಿಕೆಯೆಂದರೆ ರೈತರ ವಿಷಯವೆಂದು ನಮ್ಮ ಮಿಠಾಯಿ ವ್ಯಾಪಾರಿಗಳು ತಿಳಿದಿರುತ್ತಾರೆ. ಮೆಲ್ಬರ್ನಿನಲ್ಲಿ ಪೇಡೆಯ ಡಬ್ಬಿಯನ್ನು ತಡೆಯುವುದು ಅದೇ ರೋಗ. ಯೂರೋಪಿಯನ್ ಒಕ್ಕೂಟವೂ ಹೊರದೇಶಗಳಿಂದ ಖಾಸಗಿ ಪೆಟ್ಟಿಗೆಗಳಲ್ಲಿ ಬರುವ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ನಿಷೇಧಿಸಿದೆ.

ಗಸಗಸೆಯದು ಇನ್ನೂ ಗಂಭೀರ. ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ ಹಾಗೂ ಸಿಂಗಪುರಗಳಲ್ಲಿ ಅದು ಮಾದಕ ದ್ರವ್ಯದ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಮಸಾಲೆಪುಡಿಯಲ್ಲಿ ಒಂದು ಚಮಚ ಗಸಗಸೆ, ಕಜ್ಜಾಯದ ಮೇಲೆ ಉದುರಿಸಿದ ಒಂದು ಚಿಟಿಕೆ ಗಸಗಸೆ ಇದ್ದರೂ, ತೊಂದರೆಗೆ ಸಿಲುಕುವವನು ಕಳುಹಿಸಿದವನಲ್ಲ, ದುಬೈಯಲ್ಲಿ ಪೆಟ್ಟಿಗೆ ಬಿಡಿಸಿಕೊಳ್ಳಲು ಹೋದ ಮಗ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಸರಕಿನ ಅಡುಗೆಮನೆಗೆ ಗಸಗಸೆಯನ್ನು ಸೇರಿಸಲೇಬಾರದು.

ರಾಸಾಯನಿಕಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2020ರಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಅಂಶ ಕಂಡು ಯೂರೋಪಿನಲ್ಲಿ ನೂರಾರು ಪದಾರ್ಥಗಳನ್ನು ಅಂಗಡಿಗಳಿಂದ ಹಿಂಪಡೆಯಲಾಯಿತು. 2024ರ ಏಪ್ರಿಲ್‌ನಲ್ಲಿ ಹಾಂಕಾಂಗ್ ಮತ್ತು ಸಿಂಗಪುರಗಳು ಭಾರತದ ಕೆಲವು ಮಸಾಲೆ ಪುಡಿಗಳ ಮೇಲೆ ಇದೇ ಕಾರಣದಿಂದ ಕ್ರಮ ಕೈಗೊಂಡವು. ಮೆಣಸಿನಕಾಯಿ ಹಾಗೂ ಕಡಲೆಕಾಯಿಗಳಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಇನ್ನೊಂದು ಶತ್ರು. ಅದನ್ನು ಹುರಿದು ಹೋಗಲಾಡಿಸಲಾಗದು, ಚೆನ್ನಾಗಿ ಒಣಗಿಸಿದ ಮಾಲನ್ನು ಆರಿಸಿಕೊಳ್ಳುವುದೇ ಉಪಾಯ. ಖರೀದಿಯ ಚೀಟಿಯನ್ನು ಲಾಟಿನ ಸಂಖ್ಯೆಯೊಡನೆ ಕಾದಿರಿಸಿದರೆ ಮುಂದೆ ದೂರು ಬಂದಾಗ ಯಾವ ಚೀಲದ ಮೆಣಸಿನಕಾಯಿ ಎಂದು ತೋರಿಸಬಹುದು.

ದಾಖಲೆಗಳು ಮತ್ತು ಸಾಗಣೆ

ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಸಂಕೇತ ಸಂಖ್ಯೆ ಮೊದಲ ಮೆಟ್ಟಿಲು. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ರಫ್ತಿಗೆ ಅನ್ವಯವಾಗುವ ವರ್ಗದ್ದಾಗಿರಬೇಕು; ಸ್ಥಳೀಯ ವ್ಯಾಪಾರಕ್ಕೆ ಪಡೆದ ನೋಂದಣಿಯೇ ಸಾಕೆಂದು ಭಾವಿಸಬಾರದು. ಮಸಾಲೆ ಪುಡಿಗಳಿಗೆ ಸಾಂಬಾರ ಮಂಡಳಿ, ಉಪ್ಪಿನಕಾಯಿ-ಹಪ್ಪಳ-ಚಟ್ನಿಗಳಿಗೆ ಅಪೆಡಾ, ತೆಂಗಿನ ಉತ್ಪನ್ನಗಳಿಗೆ ತೆಂಗು ಅಭಿವೃದ್ಧಿ ಮಂಡಳಿ ಎಂದು ನೋಂದಣಿಯ ಸಂಸ್ಥೆಗಳು ಬೇರೆ ಬೇರೆ. ಸರಕು ಮತ್ತು ಸೇವಾ ತೆರಿಗೆಯಲ್ಲಿ ರಫ್ತು ಶೂನ್ಯ ದರದ್ದು. ಒಪ್ಪಂದ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಕಳುಹಿಸಬಹುದು. 2022ರಿಂದ ಅಂಚೆ ಇಲಾಖೆಯು ತೆರೆದಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಅಂಚೆಯ ರಫ್ತು ಪತ್ರವನ್ನು ವಿದ್ಯುನ್ಮಾನವಾಗಿ ಸಲ್ಲಿಸುವ ಅನುಕೂಲವಿದ್ದು, ಬಂದರಿನ ದಲ್ಲಾಳಿಯ ಪರಿಚಯವಿಲ್ಲದ ಸಣ್ಣವರಿಗೆ ಇದು ಸಹಾಯಕ.

ಅಮೆರಿಕಕ್ಕೆ ಕಳುಹಿಸುವವರು 2002ರ ಜೈವಿಕ ಭಯೋತ್ಪಾದನಾ ಕಾಯಿದೆಯನ್ನು ತಿಳಿದಿರಬೇಕು. ಅದರಂತೆ 2003ರ ಡಿಸೆಂಬರ್ 12ರಿಂದ ಆಹಾರ ತಯಾರಿಸುವ ಘಟಕದ ನೋಂದಣಿಯೂ, ಪ್ರತಿ ರವಾನೆಗೆ ಪೂರ್ವಸೂಚನೆಯೂ ಕಡ್ಡಾಯವಾದವು. ವ್ಯಕ್ತಿಯೊಬ್ಬನು ತನ್ನ ಮನೆಯಲ್ಲೇ ತಯಾರಿಸಿ ಸ್ವಂತ ಉಡುಗೊರೆಯಾಗಿ ಕಳುಹಿಸಿದ್ದಕ್ಕೆ ಪೂರ್ವಸೂಚನೆಯಿಂದ ವಿನಾಯಿತಿಯಿದೆ. ಈ ವಿನಾಯಿತಿಯನ್ನು ನೆಪಮಾಡಿಕೊಂಡು ಹಣ ಪಡೆದ ಸರಕನ್ನು 'ಉಡುಗೊರೆ' ಎಂದು ಬರೆದು ಕಳುಹಿಸುವ ಚಾಳಿ ನಮ್ಮಲ್ಲಿ ಬೆಳೆದಿದೆ. ಇದು ಸುಳ್ಳು ಘೋಷಣೆ. ಸಿಕ್ಕಿಬಿದ್ದ ದಿನ ಗ್ರಾಹಕನೂ ಹೋದ, ಹೆಸರೂ ಹೋಯಿತು.

ಸುಂಕದ ವಿಷಯದಲ್ಲಿ ಈಚೆಗೆ ದೊಡ್ಡ ಬದಲಾವಣೆಯಾಗಿದೆ. 2016ರಿಂದ 800 ಡಾಲರುಗಳವರೆಗಿನ ಪೆಟ್ಟಿಗೆಗಳು ಅಮೆರಿಕಕ್ಕೆ ಸುಂಕವಿಲ್ಲದೆ ಹೋಗುತ್ತಿದ್ದವು. 2025ರ ಆಗಸ್ಟ್ 29ರಿಂದ ಆ ರಿಯಾಯಿತಿ ರದ್ದಾಯಿತು. ಸುಂಕ ವಸೂಲಿಯ ವ್ಯವಸ್ಥೆ ಸ್ಪಷ್ಟವಾಗದಿದ್ದುದರಿಂದ ಭಾರತೀಯ ಅಂಚೆಯು ಅಮೆರಿಕಕ್ಕೆ ಪಾರ್ಸೆಲ್ ಸ್ವೀಕಾರವನ್ನೇ ಕೆಲಕಾಲ ನಿಲ್ಲಿಸಿ, ಅಕ್ಟೋಬರ್ 15ರಿಂದ ಪುನರಾರಂಭಿಸಿತು. ಬಿಡಿ ಆರ್ಡರುಗಳನ್ನೇ ನಂಬಿದ್ದವರ ದೀಪಾವಳಿಯ ವ್ಯಾಪಾರ ಆ ಎರಡು ತಿಂಗಳಲ್ಲಿ ಏನಾಗಿರಬಹುದೆಂದು ಊಹಿಸಬಹುದು. ಯೂರೋಪಿಯನ್ ಒಕ್ಕೂಟವು 22 ಯೂರೋವರೆಗಿನ ಪೆಟ್ಟಿಗೆಗಳಿಗೆ ಇದ್ದ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿಯನ್ನು 2021ರ ಜುಲೈಯಲ್ಲೇ ತೆಗೆದುಹಾಕಿತ್ತು. ಸುಂಕದ ದರಗಳು ಪದೇ ಪದೇ ಬದಲಾಗುತ್ತಿರುವುದರಿಂದ ಪ್ರತಿ ರವಾನೆಗೂ ಮುನ್ನ ವಿಚಾರಿಸಿ, ಸುಂಕವನ್ನು ಯಾರು ಭರಿಸತಕ್ಕದ್ದೆಂಬುದನ್ನು ಬಿಲ್ಲಿನಲ್ಲೇ ಬರೆಯಬೇಕು.

ಸಾಗಣೆಯ ಲೆಕ್ಕದಲ್ಲಿ ಹೊಸಬರು ಎಡವುವುದು ತೂಕದಲ್ಲಿ. ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದ ಗಾತ್ರತೂಕವನ್ನು ನಿಜತೂಕದೊಡನೆ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಹಣ ಪಡೆಯುವುದು ಸಾಮಾನ್ಯ. ಚಕ್ಕುಲಿ 4 ಕಿಲೋ, ಪೆಟ್ಟಿಗೆ 45, 35, 30 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಗುಣಲಬ್ಧ 47,250; ಗಾತ್ರತೂಕ 9.45, ಅಂದರೆ 9.5 ಕಿಲೋ. ಲೆಕ್ಕಕ್ಕಾಗಿ ಕಿಲೋಗೆ 700 ರೂಪಾಯಿ ದರ ಹಿಡಿದರೆ 6,650 ರೂಪಾಯಿ. ಚಕ್ಕುಲಿಯ ಪ್ರತಿ ಕಿಲೋ ಮೇಲೆ ಸುಮಾರು 1,660 ರೂಪಾಯಿ ಬಿದ್ದಂತಾಯಿತು. ಚಟ್ನಿಪುಡಿ 6 ಕಿಲೋ, ಪೆಟ್ಟಿಗೆ 30, 25, 20 ಸೆಂ.ಮೀ. ಆದರೆ ಗಾತ್ರತೂಕ ಕೇವಲ 3 ಕಿಲೋ. ನಿಜತೂಕಕ್ಕೆ 4,200 ರೂಪಾಯಿ, ಕಿಲೋಗೆ 700 ಮಾತ್ರ. ಒಂದೇ ದರ, ಒಂದೇ ಊರು, ವೆಚ್ಚದಲ್ಲಿ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ. ಮೇಲಾಗಿ ಚಕ್ಕುಲಿ ಪುಡಿಯಾಗಿ ತಲಪುವ ಸಂಭವವೂ ಇದೆ.

ತೇದಿಯ ಬಗ್ಗೆ ಒಂದು ಮಾತು. ನಾವು 05-08 ಎಂದರೆ ಆಗಸ್ಟ್ ಐದು. ಅಮೆರಿಕದವರಿಗೆ ಅದು ಮೇ ಎಂಟು. ತಿಂಗಳನ್ನು ಅಕ್ಷರದಲ್ಲಿ ಮುದ್ರಿಸುವುದು ಕ್ಷೇಮ.

ಬಂಡವಾಳದ ವಿಷಯದಲ್ಲಿ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿತ್ತು. ಕರ್ನಾಟಕ ಸರ್ಕಾರ ಅದಕ್ಕೆ ಶೇ. 15 ಸೇರಿಸಿತ್ತು. ಅದರ ಅವಧಿಯನ್ನು 2025-26ರವರೆಗೆ ವಿಸ್ತರಿಸಲಾಗಿತ್ತು. ಅರ್ಜಿ ಹಾಕುವವರು ಜಿಲ್ಲಾ ಕೃಷಿ ಇಲಾಖೆಯಲ್ಲಿ ಮುಂದಿನ ಸ್ಥಿತಿಯನ್ನು ವಿಚಾರಿಸಿಕೊಳ್ಳಬೇಕು.

ಗಡಿ ದಾಟದ ಆರ್ಡರ್

ಕೊನೆಯದಾಗಿ, ಸುಂಕವೂ ಇಲ್ಲದ, ಲೇಬಲೂ ಬೇಡದ ಒಂದು ಬೇಡಿಕೆಯನ್ನು ಪ್ರಸ್ತಾಪಿಸಬೇಕು. ಮಕ್ಕಳು ಪರದೇಶದಲ್ಲಿ, ವೃದ್ಧ ತಂದೆತಾಯಿ ಊರಿನಲ್ಲಿ. ಅಡುಗೆ ಮಾಡಿಕೊಳ್ಳುವ ಶಕ್ತಿಯಿಲ್ಲ. ಮಗಳು ನ್ಯೂಜೆರ್ಸಿಯಲ್ಲಿ ಕುಳಿತು ತಂದೆಗೆ ಊಟ ತರಿಸಲು ಬಯಸುತ್ತಾಳೆ. ಬೆಂಗಳೂರಿನಲ್ಲಾದರೆ 2014ರಲ್ಲಿ ಅಲ್ಲೇ ಹುಟ್ಟಿದ ಸ್ವಿಗ್ಗಿಯಂಥ ಸಂಸ್ಥೆಗಳಿವೆ. ಅಂತರಘಟ್ಟೆಯಂಥ ಊರಿನ ಮನೆಗೆ ಊಟ ಮುಟ್ಟಿಸಬೇಕಾದವರು ಹತ್ತಿರದ ಪಟ್ಟಣದ ಊಟದ ಮನೆಯವರೇ. ಹಣ ಪಾವತಿಯ ತೊಡಕು ಈಗ ಬಹಳಮಟ್ಟಿಗೆ ನಿವಾರಣೆಯಾಗಿದೆ. 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ, ಎಮಿರೇಟ್ಸ್ ಸೇರಿದಂತೆ ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳಿಂದಲೇ, ಅನಿವಾಸಿಗಳ ಎನ್‌ಆರ್‌ಇ ಅಥವಾ ಎನ್‌ಆರ್‌ಓ ಖಾತೆಯ ಮೂಲಕ ಯುಪಿಐ ಪಾವತಿಗೆ ಅವಕಾಶ ಕಲ್ಪಿಸಿತು. ನಿಮ್ಮ ಅಂಗಡಿಯ ಯುಪಿಐ ವಿಳಾಸವನ್ನು ಆಕೆಗೆ ತಿಳಿಸಿದರೆ ತಿಂಗಳ ಹಣ ರೂಪಾಯಿಯಲ್ಲೇ ಬರುತ್ತದೆ.

ಹಣ ಪರದೇಶದಿಂದ ಬಂತೆಂದು ಇದನ್ನು ರಫ್ತೆಂದು ಲೆಕ್ಕ ಬರೆಯಬಾರದು. ಊಟ ಬಡಿಸಿದ್ದು ಇಲ್ಲಿಯೇ ಆದ್ದರಿಂದ ಹೋಟೆಲಿಗೆ ಅನ್ವಯವಾಗುವ ಶೇ. 5ರ ತೆರಿಗೆ, ನೋಂದಣಿಯ ವಹಿವಾಟಿನ ಮಿತಿ ದಾಟಿದವರಿಗೆ, ಇದ್ದೇ ಇರುತ್ತದೆ.

ಇಂಥ ಕರಾರನ್ನು ಬಾಯಿಮಾತಿನಲ್ಲಿ ಮಾಡಿಕೊಳ್ಳದೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಊಟ ಎಷ್ಟು ಹೊತ್ತಿಗೆ ಮುಟ್ಟಬೇಕು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದ ಪಥ್ಯವೇನು, ಮುದ್ದೆಯೋ ಅನ್ನವೋ, ಹಿಂದಿನ ದಿನದ ಕ್ಯಾರಿಯರ್ ಯಾರು ತೊಳೆದಿಡಬೇಕು, ಬೇಡವಾದ ದಿನ ಯಾರು ತಿಳಿಸಬೇಕು. ಊಟ ತಂದ ಹುಡುಗ ಎರಡು ಸಲ ಕರೆದರೂ ಬಾಗಿಲು ತೆರೆಯದಿದ್ದರೆ ಊರಿನಲ್ಲಿ ಯಾರಿಗೆ, ಯಾವ ಸಂಖ್ಯೆಗೆ ಮೊದಲು ಫೋನ್ ಮಾಡಬೇಕು.